ಬಾಲಿಯ ಗಮೆಲಾನ್ ಮತ್ತು 432 ಹರ್ಟ್ಜ್: ಸತ್ಯಾಂಶ

ಬಾಲಿ ದ್ವೀಪದ ಗಮೆಲಾನ್ (ಮುಖ್ಯವಾಗಿ ಕಂಚಿನ ವಾದ್ಯಗಳ ಮೇಳ) ವಾದ್ಯಗಳನ್ನು 'ಪ್ರಕೃತಿಯ ಕಂಪನ'ವಾದ 432 ಹರ್ಟ್ಜ್‌ಗೆ ಶ್ರುತಿ ಮಾಡಿರುತ್ತಾರೆ ಎನ್ನುವ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಅದು ನಿಜವಲ್ಲ. (ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ.)

ಗಮೆಲಾನ್‌ಗೆ ಎಲ್ಲರೂ ಒಪ್ಪಿದ ಒಂದೇ ಶ್ರುತಿ ಇಲ್ಲ. ಪ್ರತಿ ಮೇಳಕ್ಕೂ ಅದರದೇ ಶ್ರುತಿ. ಒಂದು ಮೇಳದ ವಾದ್ಯವನ್ನು ಇನ್ನೊಂದಕ್ಕೆ ಸುಮ್ನೆ ಸೇರಿಸಿಕೊಳ್ಳಲು ಆಗುವುದಿಲ್ಲ. ಇನ್ನೂ ಸ್ವಾರಸ್ಯವಾದದ್ದು ಬೇರೆಯೇ ಇದೆ. ಕಂಚಿನ ಪಟ್ಟಿಗಳ ವಾದ್ಯಗಳು ಜೋಡಿಯಾಗಿರುತ್ತವೆ, ಅದರಲ್ಲಿ ಒಂದನ್ನು ಬೇಕಂತಲೇ ತುಸು ತಗ್ಗಿಸಿರುತ್ತಾರೆ. ಒಂದು 300, ಇನ್ನೊಂದು 307 ಹರ್ಟ್ಜ್ ಅಂದುಕೊಳ್ಳಿ. ಒಟ್ಟಿಗೆ ಬಾರಿಸಿದರೆ ನಾದ ಸೆಕೆಂಡಿಗೆ 7 ಸಲ ಏರಿಳಿಯುತ್ತದೆ. ಗಮೆಲಾನ್‌ನ ಆ ಮಿನುಗು ಬರುವುದೇ ಇದರಿಂದ. ಇದನ್ನು 'ಓಂಬಾಕ್' ಎನ್ನುತ್ತಾರೆ.

ನೀವೇ ಪರೀಕ್ಷಿಸಬಹುದು. ಫೋನಿಗೆ ಒಂದು ಉಚಿತ ಟ್ಯೂನರ್ (ಶ್ರುತಿ ಅಳೆಯುವ) ಆ್ಯಪ್ ಹಾಕಿಕೊಂಡು, ಬೇರೆ ಬೇರೆ ಊರಿನ ಮೇಳಗಳ ಧ್ವನಿಮುದ್ರಣ ಕೇಳಿಸಿ, ಅಂಕಿ ಹೋಲಿಸಿ. ಯಾವ ಮೇಳವನ್ನು, ಯಾರು ಅಳೆದರು ಎಂದು ಸಂದೇಶದಲ್ಲಿ ಇದೆಯಾ ನೋಡಿ. ಅಂದಹಾಗೆ, ಹರ್ಟ್ಜ್ ಅನ್ನು ಲೆಕ್ಕ ಹಾಕುವುದು ಸೆಕೆಂಡಿನಿಂದ. ಆ ಸೆಕೆಂಡೂ ಮನುಷ್ಯರೇ ಮಾಡಿಕೊಂಡ ಅಳತೆ ಅಲ್ವಾ? ಹಾಗಿರುವಾಗ 432 ಎನ್ನುವ ಅಂಕಿ ಪ್ರಕೃತಿಯದ್ದು ಹೇಗಾದೀತು?

ಹಂಚಿದವರನ್ನು ದೂರಬೇಕಿಲ್ಲ. ದೇವರು, ಮನುಷ್ಯ, ಪ್ರಕೃತಿ ಹೊಂದಿಕೊಂಡಿರಬೇಕು ಎನ್ನುವ 'ತ್ರಿ ಹಿತ ಕರಣ' ಚಿಂತನೆ ಬಾಲಿಯಲ್ಲಿ ನಿಜವಾಗಿಯೂ ಇದೆ. ಗದ್ದೆಗಳಿಗೆ ನೀರು ಹಂಚುವ ಸುಬಕ್ ಪದ್ಧತಿಯಲ್ಲಿ ಅದು ಚೆನ್ನಾಗಿ ಕಾಣುತ್ತದೆ. 2012ರಲ್ಲಿ ಯುನೆಸ್ಕೊ ಆ ಪದ್ಧತಿಯ ಗದ್ದೆ, ನೀರಿನ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.