ಕ್ಯಾಸಲ್ ಆಲಿಯ ಕೊಲೆ: ರಿಪ್ಪರನ ಕೈಯೇ, ನಕಲು ಕೈಯೇ?

1889ರ ಜುಲೈ 17ರ ನಡುರಾತ್ರಿ, 12.50ರ ಸುಮಾರು. ಲಂಡನ್ನಿನ ವೈಟ್‌ಚಾಪೆಲ್‌ನ ಕ್ಯಾಸಲ್ ಆಲಿ ಎಂಬ ಓಣಿಯಲ್ಲಿ ಗಸ್ತು ತಿರುಗುತ್ತಿದ್ದ ಕಾನ್‌ಸ್ಟೆಬಲ್ ವಾಲ್ಟರ್ ಆ್ಯಂಡ್ರೂಸ್‌ಗೆ ಆಲಿಸ್ ಮೆಕೆಂಜಿಯ ಶವ ಕಂಡಿತು. ಕತ್ತಿನ ಎಡಗಡೆ ಎರಡು ಇರಿತ, ಹೊಟ್ಟೆಯ ಮೇಲೆ ಗೀರುಗಾಯಗಳು. 1888ರಲ್ಲಿ ಅದೇ ಭಾಗದಲ್ಲಿ ಒಬ್ಬರ ಮೇಲೊಬ್ಬರಂತೆ ಹೆಂಗಸರನ್ನು ಕೊಂದು, ಸಿಕ್ಕಿಬೀಳದೆ, ಜ್ಯಾಕ್ ದಿ ರಿಪ್ಪರ್ ಎಂದು ಹೆಸರಾದವನ ಕೊನೆಯ ಬಲಿ ಎನ್ನಲಾದ ಮೇರಿ ಜೇನ್ ಕೆಲ್ಲಿಯ ಕೊಲೆಯಾಗಿ ಎಂಟು ತಿಂಗಳು ಕಳೆದಿತ್ತು. ಸಾವಿನ ವಿಚಾರಣೆ ನಡೆಸಿದ ಕೊರೋನರ್ ವಿನ್ ಬ್ಯಾಕ್ಸ್ಟರ್ ಎರಡೇ ದಾರಿ ಉಳಿಸಿದರು: ಹಳೆಯ ಕೊಲೆಗಾರನದೇ ಕೃತ್ಯ, ಇಲ್ಲವೇ ಅದರ ಅನುಕರಣೆ.

ಪರ: ಇದು ನಕಲು

ರಿಪ್ಪರ್ ಕತ್ತನ್ನು ಹೇಗೆ ಕೊಯ್ಯುತ್ತಿದ್ದ ಎಂಬುದು ದಾಖಲಾಗಿದೆ. ಅವನ ಬಲಿಗಳಲ್ಲಿ ಒಬ್ಬಳಾದ ಆ್ಯನಿ ಚಾಪ್ಮನ್‌ಳ ಕತ್ತಿನ ಗಾಯ ಬೆನ್ನುಮೂಳೆಯವರೆಗೂ ಇಳಿದಿತ್ತು. ಮೆಕೆಂಜಿಯ ಕತ್ತಿನಲ್ಲಿದ್ದದ್ದು ಚುಚ್ಚಿ ಎಳೆದ ಗಾಯಗಳು. ಹೊಟ್ಟೆಯ ಗಾಯಗಳಂತೂ ಒಳಗಿನ ಅಂಗಗಳನ್ನು ಮುಟ್ಟಿರಲೇ ಇಲ್ಲ. ಹಿಂದಿನ ಕೊಲೆಗಳಲ್ಲಿ ಬಳಕೆಯಾದ ಚಾಕುವಿಗಿಂತ ಇದು ಚಿಕ್ಕದು ಎಂದು ಶವಪರೀಕ್ಷೆ ಮಾಡಿದ ಡಾ. ಜಾರ್ಜ್ ಬ್ಯಾಗ್‌ಸ್ಟರ್ ಫಿಲಿಪ್ಸ್ ಅಭಿಪ್ರಾಯಪಟ್ಟರು. ರಿಪ್ಪರನ ಬಲಿಗಳೆಂದು ಎಣಿಸುವ ಚಾಪ್ಮನ್, ಸ್ಟ್ರೈಡ್, ಕೆಲ್ಲಿ, ಈ ಮೂವರ ಶವಗಳನ್ನೂ ಸ್ಥಳಕ್ಕೇ ಹೋಗಿ ನೋಡಿದ ವೈದ್ಯರು ಅವರು. ಬಹಳ ಯೋಚಿಸಿದ ಮೇಲೆಯೇ ಇದು ಅದೇ ಕೈಯಲ್ಲ ಎಂಬ ತೀರ್ಮಾನಕ್ಕೆ ಬಂದರು. ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆನ್ನುವವರು ಎಲ್ಲಿಂದ ತರುತ್ತಾರೋ ಗೊತ್ತಿಲ್ಲ.

ನಕಲು ಮಾಡಲು ಸಾಮಗ್ರಿಗೇನೂ ಕೊರತೆಯಿರಲಿಲ್ಲ. ಗಾಯಗಳ ವಿವರವನ್ನೆಲ್ಲ ಪತ್ರಿಕೆಗಳು ತಿಂಗಳುಗಟ್ಟಲೆ ಅಚ್ಚು ಹಾಕಿದ್ದವು. ಓದಲು ಬಾರದವನಿಗೂ ಸುದ್ದಿ ಮಾರುವ ಹುಡುಗರ ಕೂಗು ಸಾಕಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ವಿಲಿಯಂ ಬ್ಯೂರಿ ಎಂಬವನು ಹೆಂಡತಿಯ ಕತ್ತು ಬಿಗಿದು ಕೊಂದು, ಹೊಟ್ಟೆಗೂ ಚಾಕು ಹಾಕಿದ. ಅವನ ಮನೆಯ ಬಾಗಿಲ ಬಳಿ ರಿಪ್ಪರನ ಹೆಸರನ್ನು ಸೀಮೆಸುಣ್ಣದಲ್ಲಿ ಗೀಚಿದ್ದು ಸಿಕ್ಕಿತು. ಏಪ್ರಿಲಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಹಾಗಿರುವಾಗ, ಜಗಳದಲ್ಲೋ ದ್ವೇಷದಲ್ಲೋ ಒಬ್ಬಳನ್ನು ಕೊಂದವನು ನಾಲ್ಕು ಗೀರು ಹೆಚ್ಚು ಎಳೆದು ಪೊಲೀಸರ ಕಣ್ಣನ್ನು ಬೇರೆಡೆಗೆ ತಿರುಗಿಸಿರಬಾರದೇಕೆ? ಆ ಗೀರುಗಳು ಕೊಲೆಗಾರನ ಚಟದಂತೆ ಕಾಣುವುದಿಲ್ಲ. ಹೊದಿಸಿದ ವೇಷದಂತೆ ಕಾಣುತ್ತವೆ.

ವಿರೋಧ: ನಕಲು ಎನ್ನಲು ಆಧಾರ ಸಾಲದು

ಫಿಲಿಪ್ಸ್ ಹೆಸರು ಹೇಳಿದರೆ ವಾದ ಮುಗಿಯಿತು ಎಂಬ ಧಾಟಿ ಸರಿಯಲ್ಲ. ಮರುದಿನ ಅದೇ ಶವವನ್ನು ಡಾ. ಥಾಮಸ್ ಬಾಂಡ್ ಕೂಡ ನೋಡಿದರು. ಅಷ್ಟರಲ್ಲಿ ಶವಪರೀಕ್ಷೆಯಿಂದ ಗಾಯಗಳು ಮೂಲ ರೂಪ ಕಳೆದುಕೊಂಡಿದ್ದವು ಎಂಬುದು ನಿಜ. ಆದರೂ ಹಠಾತ್ತನೆ ಎರಗಿದ ರೀತಿ, ಕತ್ತು, ಆಮೇಲೆ ಹೊಟ್ಟೆ, ಈ ಕ್ರಮವನ್ನು ಗುರುತಿಸಿ, ಅದೇ ಕೊಲೆಗಾರ ಎಂದು ಬರೆದರು. ಒಂದೇ ಶವ, ಇಬ್ಬರು ಪರಿಣತರು, ಎದುರುಬದುರು ಉತ್ತರ. ಏಕೆ? ರಿಪ್ಪರನಿಗೆ ಅಂಗರಚನೆಯ ಜ್ಞಾನವಿತ್ತು ಎಂದು ಫಿಲಿಪ್ಸ್ ಚಾಪ್ಮನ್ ಕಾಲದಿಂದ ಹೇಳುತ್ತಿದ್ದರು. ಅವನಿಗೆ ಕಟುಕನಷ್ಟೂ ಜ್ಞಾನವಿರಲಿಲ್ಲ ಎಂದು ಬಾಂಡ್ 1888ರ ನವೆಂಬರಿನಲ್ಲಿಯೇ ವರದಿ ಕೊಟ್ಟಿದ್ದರು. ಒರಟು ಗಾಯ ಕಂಡಾಗ ಒಬ್ಬರಿಗೆ ಅದು ಅವನಲ್ಲ ಎನಿಸಿತು, ಇನ್ನೊಬ್ಬರಿಗೆ ಅವನೇ ಎನಿಸಿತು. ಇಬ್ಬರೂ ತಮ್ಮ ತಮ್ಮ ಹಳೆಯ ಅಭಿಪ್ರಾಯವನ್ನೇ ಆ ದೇಹದ ಮೇಲೆ ಓದಿಕೊಂಡರು ಎಂದರೆ ಕಠೋರವಾದೀತು, ಆದರೆ ಸುಳ್ಳಾಗದು.

ನಕಲು ಮಾಡುವವನಿಗೆ ಗೊತ್ತಿದ್ದದ್ದು ಪತ್ರಿಕೆಯ ರಿಪ್ಪರ್, ಅಂದರೆ ಅಂಗ ಕತ್ತರಿಸಿ ಒಯ್ಯುವವನು. ವೇಷ ಹಾಕುವವನು ಅದನ್ನೇ ಅಲ್ಲವೇ ಹಾಕಬೇಕಿತ್ತು? ಬದಲಿಗೆ ಇಲ್ಲಿ ಸಿಕ್ಕಿದ್ದು ಅರ್ಧಕ್ಕೆ ಬಿಟ್ಟ ಕೆಲಸ. ಸ್ಟ್ರೈಡ್‌ಳ ದೇಹದಲ್ಲಿ ಕತ್ತಿನ ಗಾಯ ಬಿಟ್ಟರೆ ಬೇರೇನೂ ಇರಲಿಲ್ಲ, ಆದರೂ ಅವಳನ್ನು ಪಟ್ಟಿಯಿಂದ ತೆಗೆಯಲು ಹೆಚ್ಚಿನವರು ಒಪ್ಪುವುದಿಲ್ಲ. ಯಾರೋ ಬಂದು ಅಡ್ಡಿಯಾಯಿತು ಎನ್ನುತ್ತಾರೆ. ಮೆಕೆಂಜಿಗೆ ಆ ರಿಯಾಯಿತಿ ಏಕಿಲ್ಲ? ಆ್ಯಂಡ್ರೂಸ್‌ನ ಹಿಂದಿನ ಸುತ್ತಿಗೂ ಶವ ಸಿಕ್ಕಿದ್ದಕ್ಕೂ ನಡುವೆ ಇದ್ದದ್ದು ಹೆಚ್ಚೆಂದರೆ ಅರ್ಧ ಗಂಟೆ. ಪಕ್ಕದ ಸಾರ್ವಜನಿಕ ಸ್ನಾನಗೃಹದಲ್ಲಿ ಎಚ್ಚರವಾಗಿದ್ದ ಮೇಲ್ವಿಚಾರಕಿಗೆ ಒಂದು ಕೂಗೂ ಕೇಳಿಸಲಿಲ್ಲ. ಗಸ್ತಿನ ಸಂದಿಯಲ್ಲಿ ಸದ್ದಿಲ್ಲದೆ ನುಸುಳಿ ಕೊಲ್ಲುವ ಈ ಚಳಕ ಪತ್ರಿಕೆ ಓದಿದರೆ ಬರುವಂಥದ್ದಲ್ಲ.

ಇನ್ನು ಪೊಲೀಸರು. ಆಗ ಲಂಡನ್ ಪೊಲೀಸರ ಅಪರಾಧ ತನಿಖಾ ವಿಭಾಗದ ಮುಖ್ಯಸ್ಥರಾಗಿದ್ದ ರಾಬರ್ಟ್ ಆ್ಯಂಡರ್ಸನ್ 1910ರ ನೆನಪುಗಳಲ್ಲಿ ಇದನ್ನು ಸಾಮಾನ್ಯ ಕೊಲೆ ಎಂದು ತಳ್ಳಿಹಾಕುತ್ತಾರೆ. ತಾನು ಆಗ ಲಂಡನ್ನಿನಲ್ಲಿರಲಿಲ್ಲ, ಸ್ಥಳದಲ್ಲಿದ್ದ ಕಮಿಷನರ್ ಹಾಗೆ ನಿರ್ಧರಿಸಿದರು ಎನ್ನುತ್ತಾರೆ. ಆ ಕಮಿಷನರ್ ಜೇಮ್ಸ್ ಮನ್ರೋ ಗೃಹ ಇಲಾಖೆಗೆ ಅಂದೇ ಬರೆದ ಪತ್ರದಲ್ಲಿ ಇರುವುದು ಇದಕ್ಕೆ ತದ್ವಿರುದ್ಧ: ಕಳೆದ ವರ್ಷದ ರಿಪ್ಪರನೇ ಎಂದು ನಂಬುವ ಕಡೆಗೆ ನನ್ನ ಒಲವು ಎಂಬ ಮಾತು. ಇಪ್ಪತ್ತು ವರ್ಷಗಳ ನಂತರದ ನೆನಪಿಗಿಂತ ಆ ದಿನದ ಪತ್ರಕ್ಕೆ ಬೆಲೆ ಹೆಚ್ಚು.

ಬಲಿಯಾದವರು ಐವರೇ ಎಂಬ ಲೆಕ್ಕ ಬೇರೂರಿದ್ದು 1894ರಲ್ಲಿ ಲಂಡನ್ನಿನ ಪೊಲೀಸ್ ಅಧಿಕಾರಿ ಮೆಲ್ವಿಲ್ ಮ್ಯಾಕ್ನಾಟನ್ ಬರೆದ ಟಿಪ್ಪಣಿಯಿಂದ. ರಿಪ್ಪರ್ ಯಾರು ಎಂಬ ಬಗ್ಗೆ ಅವರ ಶಂಕೆಯಿದ್ದದ್ದು ಮಾಂಟೆಗ್ಯೂ ಡ್ರೂಯಿಟ್ ಎಂಬವನ ಮೇಲೆ. ಡ್ರೂಯಿಟ್‌ನ ಶವ ಥೇಮ್ಸ್ ನದಿಯಲ್ಲಿ ಸಿಕ್ಕಿದ್ದು 1888ರ ಡಿಸೆಂಬರ್ 31ರಂದು. ಅವನೇ ಅಪರಾಧಿಯಾಗಬೇಕಾದರೆ, ಮರುವರ್ಷದ ಜುಲೈನಲ್ಲಿ ಸತ್ತ ಮೆಕೆಂಜಿ ಬೇರೊಬ್ಬನ ಕೈಯಿಂದಲೇ ಸತ್ತಿರಬೇಕು.