300ರ ಪ್ಲಾನಿಗೆ 94 ಮಾತ್ರ ಬರ್ತಾ ಉಂಟಾ? ಮೊದಲು ಕೇಬಲ್ ನೋಡಿ

ಮಂಗಳೂರು, ಉಡುಪಿ ಕಡೆ ಮನೆಯಿಂದಲೇ ಕೆಲಸ ಮಾಡುವವರು ಈಗ ಜಾಸ್ತಿ. ಅವರಲ್ಲಿ ಎಷ್ಟೋ ಜನರದ್ದು ಒಂದೇ ದೂರು. 300 ಎಂಬಿಪಿಎಸ್ (ಸೆಕೆಂಡಿಗೆ 300 ಮೆಗಾಬಿಟ್) ಇಂಟರ್ನೆಟ್ ಪ್ಲಾನಿಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ, ಕಂಪ್ಯೂಟರಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 94ರ ಮೇಲೆ ಏರುವುದೇ ಇಲ್ಲ. ಹೊರಗಿನ ಲೈನಿನಲ್ಲಿ ರಶ್ ಇದ್ದರೆ ಅಂಕಿ ಏರಿಳಿಯುತ್ತದೆ, ಸಂಜೆ ಇಳಿದು ನಡುರಾತ್ರಿ ಏರುತ್ತದೆ. ಯಾವ ಹೊತ್ತಿಗೆ ನೋಡಿದರೂ 94ರಲ್ಲೇ ನಿಂತಿದ್ದರೆ ತೊಂದರೆ ಹೆಚ್ಚಾಗಿ ಮನೆಯೊಳಗೇ, ಕಂಪ್ಯೂಟರಿಗೂ ರೂಟರಿಗೂ ನಡುವೆ.

ಅದನ್ನು ನೋಡುವುದು ಸುಲಭ. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಈಥರ್ನೆಟ್. ಅಲ್ಲಿ ಲಿಂಕ್ ಸ್ಪೀಡ್ ಅಂತ ಇರುತ್ತದೆ, ಅಂದರೆ ಕೇಬಲಿನಲ್ಲಿ ಕಂಪ್ಯೂಟರಿಗೂ ರೂಟರಿಗೂ ನಡುವಿನ ವೇಗ, ಎಂಬಿಪಿಎಸ್ ಲೆಕ್ಕದಲ್ಲಿ. 1000/1000 ಇದ್ದರೆ ಸರಿ. 100/100 ಇದ್ದರೆ ಟೆಸ್ಟಿನಲ್ಲಿ 94ರಷ್ಟೇ ಬರುವುದು, ನೀವು ಎಷ್ಟೇ ದೊಡ್ಡ ಪ್ಲಾನ್ ಹಾಕಿಸಿದರೂ ಸುಮ್ನೆ ದಂಡ.

ಯಾಕೆ ಹೀಗೆ? ರೂಟರಿನಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲಿನಲ್ಲಿ ಎಂಟು ಎಳೆ, ನಾಲ್ಕು ಜೋಡಿ. 100ಕ್ಕೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಫಿಟ್ ಮಾಡಲು ಬರುವವರಲ್ಲಿ ಕೆಲವರು ಕಿತ್ತಳೆ, ಹಸಿರು ಜೋಡಿಗಳನ್ನು ಮಾತ್ರ ಕ್ರಿಂಪ್ ಮಾಡಿ (ತುದಿಯ ಕನೆಕ್ಟರಿಗೆ ಒತ್ತಿ ಕೂರಿಸಿ) ನೀಲಿ, ಕಂದು ಎಳೆಗಳನ್ನು ಕತ್ತರಿಸಿ ಬಿಡುತ್ತಾರೆ. ನಮ್ಮ ಮನೆಯಲ್ಲೂ ಆದದ್ದು ಅದೇ. ದೂರು ಕೊಟ್ಟ ಮೇಲೆ ಬಂದ ಹುಡುಗ ರೂಟರ್ ಪಕ್ಕ ನಿಂತು ತನ್ನ ಮೊಬೈಲಿನಲ್ಲಿ ಟೆಸ್ಟ್ ಮಾಡಿ, "ಸರ್, 280 ಬರ್ತಾ ಉಂಟಲ್ಲ, ಇನ್ನೆಂತ?" ಎಂದ. ವೈಫೈಯಲ್ಲಿ ಬರುತ್ತದೆ, ಕೇಬಲಿನಲ್ಲಿ ಬರುವುದಿಲ್ಲ ಅಂದರೆ ಕೇಬಲನ್ನೇ ನೋಡಬೇಕು ಅಲ್ವಾ? ಕನೆಕ್ಟರನ್ನು ಬೆಳಕಿಗೆ ಹಿಡಿದು ತೋರಿಸಿದೆ. ಪ್ಲಾಸ್ಟಿಕ್ಕಿನೊಳಗೆ ನಾಲ್ಕೇ ಎಳೆ, ಉಳಿದ ನಾಲ್ಕು ಜಾಗ ಖಾಲಿ. ಆಮೇಲೆ ಅವನೇ ಎಂಟನ್ನೂ ಸೇರಿಸಿ ಕ್ರಿಂಪ್ ಮಾಡಿದ, ಕೂಡಲೇ ಲಿಂಕ್ 1000ಕ್ಕೆ ಬಂತು. ನನಗೆ ಆ ಹುಡುಗನ ಮೇಲೆ ಸಿಟ್ಟಿಲ್ಲ ಮಾರಾಯ್ರೆ. ಕನೆಕ್ಷನ್ ಕೊಡುವ ದಿನವೇ ಗಿರಾಕಿಯ ಕಂಪ್ಯೂಟರಿನಲ್ಲಿ ಲಿಂಕ್ ಸ್ಪೀಡ್ ತೋರಿಸಿ ಹೋಗಬೇಕು ಅಂತ ಕಂಪನಿ ಅವನಿಗೆ ಹೇಳಿಕೊಡಬೇಕಿತ್ತು. ಅದನ್ನು ಮಾಡದೆ ಪೂರ್ತಿ ದುಡ್ಡು ತೆಗೆದುಕೊಳ್ಳುವುದು ಅನ್ಯಾಯ.

ಎಂಟೂ ಎಳೆ ಸರಿ ಇದ್ದು 100ರಲ್ಲೇ ನಿಂತರೆ ಪೋರ್ಟ್, ಅಂದರೆ ಕೇಬಲ್ ಚುಚ್ಚುವ ಜಾಗ, ನೋಡಿ. ಎಷ್ಟೋ ಅಗ್ಗದ ರೂಟರುಗಳಲ್ಲಿ ಲ್ಯಾನ್ ಪೋರ್ಟೇ 100ರದ್ದು. ನಮ್ಮಲ್ಲಿ ಸಿಡಿಲಿನ ಕಾಟ ಬೇರೆ, ಪೋರ್ಟ್ ಸುಟ್ಟು ಹೋಗಬಾರದು ಅಂದರೆ ಗುಡುಗು ಶುರುವಾದಾಗ ಪ್ಲಗ್ ಜೊತೆಗೆ ಲ್ಯಾನ್ ಕೇಬಲನ್ನೂ ಕಳಚಿಡಿ. ವೈಫೈಯಲ್ಲೇ ಕೆಲಸ ಮಾಡುವವರು ರೂಟರ್ ಇರುವ ಕೋಣೆಯಲ್ಲೇ ಒಮ್ಮೆ ಟೆಸ್ಟ್ ಮಾಡಿ ನೋಡಿ. ವೈಫೈಗೆ 5 ಮತ್ತು 2.4 ಗಿಗಾಹರ್ಟ್ಸ್ ಅಂತ ಎರಡು ಬಗೆಯ ಸಿಗ್ನಲ್ ಇರುತ್ತದೆ. ಕೆಂಪುಕಲ್ಲಿನ ದಪ್ಪ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸೊರಗುತ್ತದೆ. 2.4 ಇನ್ನೂ ದೂರ ಹೋಗುತ್ತದೆ, ಆದರೆ ಸ್ಪೀಡ್ ಕಡಿಮೆ.

ಫೈಲ್ ಡೌನ್‌ಲೋಡ್ ಆಗುವಾಗ ಸೆಕೆಂಡಿಗೆ 37 ಮೆಗಾಬೈಟ್ ಅಂತ ಕಂಡರೆ ಗಾಬರಿ ಬೇಡ. ಪ್ಲಾನಿನ ಲೆಕ್ಕ ಬಿಟ್‌ನಲ್ಲಿ, ಇದು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್, 300ರ ಲೆಕ್ಕ ಸರಿಯಾಗಿಯೇ ಇದೆ.

ದೂರು ಕೊಡುವಾಗ ಲಿಂಕ್ ಸ್ಪೀಡಿನ ಸ್ಕ್ರೀನ್‌ಶಾಟ್, ಟೆಸ್ಟಿನ ಸ್ಕ್ರೀನ್‌ಶಾಟ್ ಎರಡನ್ನೂ ಒಟ್ಟಿಗೆ ಕಳಿಸಿ. ಲಿಂಕ್ 1000 ಇದ್ದೂ ಟೆಸ್ಟಿನಲ್ಲಿ 94 ಬಂದರೆ ಆಗ ಕಂಪನಿಯವರನ್ನು ಬಿಡಬೇಡಿ.