ಕಾಡು ಕಾಯಲ್ಲ, ಸಮುದ್ರ ಕಾಯುತ್ತೆ

ಹೋದ ವಾರ ನಮ್ಮ ಮನೆ ವಾಟ್ಸಾಪ್ ಗ್ರೂಪಿನಲ್ಲಿ ಮೈದುನ ಒಂದು ಪ್ಲಾನ್ ಹಾಕಿದ. ಏಪ್ರಿಲ್ ರಜೆಗೆ ಟೂರು. ಬಳ್ಳಾರಿ ಬಿಟ್ಟು ಮೈಸೂರು, ಬಂಡೀಪುರ, ಊಟಿ, ಮಡಿಕೇರಿ, ಮಂಗಳೂರು, ಉಡುಪಿ, ಮುರುಡೇಶ್ವರ, ಗೋಕರ್ಣ, ದಾಂಡೇಲಿ, ವಾಪಸ್ ಬಳ್ಳಾರಿ. ಎಲ್ಲಾ ಸೇರಿ ಐದು ದಿನ. ಹತ್ತು ನಿಮಿಷದಲ್ಲಿ ಸಾಲಾಗಿ ಹೆಬ್ಬೆರಳು ಬಿದ್ದವು. ನಾನೊಬ್ಬಳೇ "ಆಗಲ್ಲ" ಅಂತ ಬರೆದೆ.

"ಯಾಕಾಗಲ್ಲ ಅತ್ತಿಗಿ? ಮ್ಯಾಪಿನ್ಯಾಗ ನೋಡೀನಿ, ಎಲ್ಲಾ ಕೂಡತೈತಿ."

ಕೂಡುತ್ತೆ ಕಣಪ್ಪ, ಮ್ಯಾಪಿನಲ್ಲಿ ಎಲ್ಲಾ ಕೂಡುತ್ತೆ. ಮ್ಯಾಪಿಗೆ ನಮ್ಮತ್ತೆಯ ಮಂಡಿನೋವು ಗೊತ್ತಾ? ಚಿಕ್ಕವನು ಘಾಟಿನಲ್ಲಿ ವಾಂತಿ ಮಾಡ್ಕೊಳ್ಳೋದು ಗೊತ್ತಾ? ಗ್ರೂಪಿನಲ್ಲಿ ಇಷ್ಟೆಲ್ಲ ಬರೆಯೋಕೆ ಆಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಚಹಾ ತಂದಿಟ್ಟುಕೊಳ್ಳಿ.

ನಾನು ಹೇಳೋದು ಇಷ್ಟೇ. ಕಾಡು, ಊರು, ಸಮುದ್ರ ಮೂರನ್ನೂ ಒಂದೇ ಸಲ ನೋಡಬೇಕು ಅಂದ್ರೆ ಹಾಳೆಯ ಮೇಲೆ ಮೊದಲು ಬರೆಯಬೇಕಾದ್ದು ಕಾಡು. ಸಫಾರಿ ಯಾವ ದಿನ, ಯಾವ ಹೊತ್ತು ಅನ್ನೋದು ಗಟ್ಟಿಯಾದ ಮೇಲೆ ಉಳಿದದ್ದೆಲ್ಲ ಅದರ ಸುತ್ತ ಕೂರಿಸಬೇಕು. ಅರಮನೆ ನಾಳೆಯೂ ಅಲ್ಲೇ ಇರುತ್ತೆ, ಸಮುದ್ರವಂತೂ ಎಲ್ಲಿಗೂ ಹೋಗಲ್ಲ. ಸಫಾರಿ ಗಾಡಿ ಮಾತ್ರ ಬೆಳಗ್ಗೆ 6ರ ಹೊತ್ತಿಗೆ ಒಮ್ಮೆ, ಮಧ್ಯಾಹ್ನ 3ರ ಮೇಲೆ ಒಮ್ಮೆ ಹೊರಡುತ್ತೆ. ನೀವು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೀರಿ ಅಂತ ಯಾರೂ ಕಾಯಲ್ಲ.

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. 2017ರಲ್ಲಿ ಒಂದು ತವೇರಾ ಮಾಡಿಕೊಂಡು ಹೋಗಿದ್ದೆವು. ಮರುದಿನ ಬೆಳಗ್ಗೆ ಬಂಡೀಪುರದಲ್ಲಿ ಸಫಾರಿ. ರೂಮು ಮಾತ್ರ ಕಾಡಿನ ಆ ಕಡೆ, ಮಸಿನಗುಡಿಯಲ್ಲಿ. ಮೈಸೂರಿನಲ್ಲಿ ಸೀರೆ ಅಂಗಡಿಗೆ "ಸುಮ್ನೆ ನೋಡಿ ಬರೋಣ" ಅಂತ ಹೊಕ್ಕವರು ಹೊರಗೆ ಬರೋಕೆ ಮೂರು ತಾಸು ಹಿಡಿಯಿತು. (ಒಬ್ಬಳು ನಾನೇ, ಒಪ್ಪಿಕೊಳ್ಳುತ್ತೇನೆ.) ಗುಂಡ್ಲುಪೇಟೆಯಲ್ಲಿ ಊಟ ಮಾಡಿ ಚೆಕ್‌ಪೋಸ್ಟ್ ಮುಟ್ಟಿದಾಗ ರಾತ್ರಿ 9 ದಾಟಿತ್ತು. ಗೇಟು ಬಂದ್. ಬಂಡೀಪುರದ ಒಳಗೆ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗಾಡಿ ಬಿಡೋದಿಲ್ಲ, 2009ರಿಂದಲೂ ಹೀಗೇ. ಅದು ಸರಿಯೂ ಹೌದು, ರಾತ್ರಿ ಲಾರಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು. ತಪ್ಪು ನಮ್ಮದೇ. ವಾಪಸ್ ಗುಂಡ್ಲುಪೇಟೆಗೆ ಬಂದರೆ ಶನಿವಾರ, ಎಲ್ಲೂ ರೂಮಿಲ್ಲ. ಪೆಟ್ರೋಲ್ ಬಂಕಿನ ಪಕ್ಕ ಗಾಡಿಯಲ್ಲೇ ಮಲಗಿದೆವು. ಬೆಳಗಿನ ಸಫಾರಿಯಲ್ಲಿ ಡ್ರೈವರ್ ಮೆಲ್ಲಗೆ "ಆನೆ, ಆನೆ" ಅಂದಾಗ ನಮ್ಮ ಏಳು ಜನರಲ್ಲಿ ಮೂವರು ಗೊರಕೆ ಹೊಡೆಯುತ್ತಿದ್ದರು.

ಅದಕ್ಕೇ ಹೇಳೋದು, ಸಫಾರಿಯ ಹಿಂದಿನ ರಾತ್ರಿ ಕಾಡಿನ ಈ ಕಡೆಯೇ, ಗೇಟಿನ ಹತ್ತಿರವೇ ಮಲಗಿ. ಮತ್ತೆ ಒಂದು ಸಫಾರಿ ಸಾಲದು, ಎರಡು ಬೇಕು. ಒಂದು ಅಂದ್ರೆ ಲಾಟರಿ. ಮಧ್ಯಾಹ್ನ ಒಂದು, ಮರುದಿನ ಬೆಳಗ್ಗೆ ಒಂದು ಇಟ್ಟುಕೊಂಡರೆ ಹುಲಿ ಕಾಣದಿದ್ದರೂ ಕಾಡು ಕಾಣುತ್ತೆ.

ಯಾವ ಕಾಡು? ನನ್ನ ಓಟು ಕಬಿನಿಗೆ. ನಾನು ಹೈಸ್ಕೂಲು ಟೀಚರು, ನನಗೆ ರಜೆ ಅಂದ್ರೆ ದಸರಾ ಇಲ್ಲಾ ಬೇಸಿಗೆ. ದಸರಾದಲ್ಲಿ ಕಾಡು ಹಸಿರು ತುಂಬಿಕೊಂಡಿರುತ್ತೆ, ಹತ್ತು ಹೆಜ್ಜೆ ಆಚೆ ಹುಲಿ ನಿಂತಿದ್ದರೂ ಕಾಣಲ್ಲ. ಮೈಸೂರಿನಲ್ಲಂತೂ ಕಾಲಿಡೋಕೆ ಜಾಗ ಇರಲ್ಲ. ಏಪ್ರಿಲಿನಲ್ಲಿ ಎಲೆ ಉದುರಿರುತ್ತೆ. ಕಬಿನಿ ಜಲಾಶಯದ ನೀರು ಇಳಿದು, ಖಾಲಿಯಾದ ನೆಲದಲ್ಲಿ ಹೊಸ ಹುಲ್ಲು ಚಿಗುರುತ್ತೆ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ. ಎರಡೂ ಕಡೆಯಿಂದ ಆನೆಗಳು ಹಿಂಡು ಹಿಂಡಾಗಿ ಆ ಹುಲ್ಲಿಗೆ, ನೀರಿಗೆ ಇಳಿಯುತ್ತವೆ. ನಮ್ಮ ಬಳ್ಳಾರಿಯಲ್ಲಿ 40 ಡಿಗ್ರಿ ದಾಟಿ ತಲೆ ಸುಡೋ ಹೊತ್ತಲ್ಲೇ ಅಲ್ಲಿ ನೋಡೋಕೆ ಒಳ್ಳೆ ಕಾಲ. ಸಮುದ್ರದ ದಂಡೆಯಲ್ಲಿ ಆಗ ವಿಪರೀತ ಸೆಕೆ, ಗೊತ್ತು. ಆದರೆ ಬಳ್ಳಾರಿಯವರಿಗೆ ಸೆಕೆ ಅಂತ ಹೆದರಿಸಬೇಡಿ.

ದುಬಾರಿ ರೆಸಾರ್ಟೇ ಆಗಬೇಕು ಅಂತಿಲ್ಲ. ಅರಣ್ಯ ಇಲಾಖೆಯ ಸಫಾರಿ ಅಂತರಸಂತೆ ಹತ್ತಿರದ ದಮ್ಮನಕಟ್ಟೆಯಿಂದ ಹೊರಡುತ್ತೆ. ವಯಸ್ಸಾದವರಿದ್ದರೆ ಜೀಪಿನ ಆಸೆ ಬಿಟ್ಟು ಬಸ್ಸು ಹತ್ತಿ, ಸೊಂಟ ಉಳಿಯುತ್ತೆ. ವಾರದ ಕೊನೆ ಬೇಡ, ಸೋಮವಾರ ಮಂಗಳವಾರ ಆರಾಮು. ಇನ್ನೊಂದು ವಿಷಯ. 2025ರ ನವೆಂಬರಿನಲ್ಲಿ ಸರಗೂರು ಸೀಮೆಯಲ್ಲಿ ಹುಲಿ ದಾಳಿಗೆ ಜನ ಸತ್ತ ಮೇಲೆ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು. ಹೊಲಕ್ಕೆ ಹೋದವರು ಮನೆಗೆ ಬರ್ತಾರೋ ಇಲ್ಲವೋ ಅನ್ನೋ ಊರಲ್ಲಿ ನಾವು ಕ್ಯಾಮೆರಾ ಹಿಡಿದು ಓಡಾಡೋದು ಎಷ್ಟು ಸರಿ, ಅಲ್ವಾ? ಅಡ್ವಾನ್ಸ್ ಕೊಡೋ ಮುಂಚೆ ಸಫಾರಿ ನಡೀತಿದೆಯಾ ಅಂತ ಕೇಳಿಕೊಳ್ಳಿ. ನಡೀದಿದ್ದರೆ ದಾಂಡೇಲಿ ಇಟ್ಟುಕೊಳ್ಳಿ, ವಾಪಸ್ ಬರುವಾಗ ಸ್ವಲ್ಪ ಬಳಸು ದಾರಿ ಅಷ್ಟೇ. 2007ರಲ್ಲಿ ದಾಂಡೇಲಿ-ಅಣಶಿ ಅಂತ ಆಗಿದ್ದ ಹುಲಿ ಕಾಡಿಗೆ 2015ರಲ್ಲಿ ಕಾಳಿ ಅಂತ ಹೆಸರಿಟ್ಟರು. ಕಾಡು ದಟ್ಟ, ಹುಲಿ ಕಾಣೋದು ಕಷ್ಟ. ಆದರೆ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯೋ ಸದ್ದು ಒಮ್ಮೆ ಕೇಳಿ, ಆಮೇಲೆ ಹೇಳಿ.

ಇನ್ನು ದಾರಿ. ಇದರಲ್ಲಿ ನಮ್ಮೂರಿನವರು ಪುಣ್ಯವಂತರು. ಬಳ್ಳಾರಿಯಲ್ಲಿ ಎರಡು ಹೆದ್ದಾರಿ ಕೂಡುತ್ತವೆ. 150ಎ ಹಿಡಿದರೆ ಚಳ್ಳಕೆರೆ, ಹಿರಿಯೂರು, ಚಿಕ್ಕನಾಯಕನಹಳ್ಳಿ, ನಾಗಮಂಗಲ ದಾಟಿ ಸೀದಾ ಮೈಸೂರು. ಬೆಂಗಳೂರಿನ ರಿಂಗ್ ರೋಡಿನಲ್ಲಿ ಅರ್ಧ ದಿನ ಕಳೆಯೋ ಕರ್ಮ ಇಲ್ಲ. ಇನ್ನೊಂದು 67. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ. ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅಂಕೋಲಾ. ಒಂದರಲ್ಲಿ ಹೋಗಿ, ಇನ್ನೊಂದರಲ್ಲಿ ಬಂದರೆ ನೋಡಿದ ದಾರಿ ಮತ್ತೆ ನೋಡೋ ಹಾಗಿಲ್ಲ.

ಈ ಸುತ್ತು ಹಾಕುವಾಗ ನನಗೆ ಇನ್ನೊಂದು ಆಸೆ ಇದೆ. ಸಮಾಜ ವಿಜ್ಞಾನ ಹೇಳೋಳು, ಬಿಡೋಕಾಗಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನದು. ಚಳ್ಳಕೆರೆಯಿಂದ ಮುಂದೆ ಹಳೆ ಮೈಸೂರು. ಕುಶಾಲನಗರ ಬಂದರೆ ಕೊಡಗು, ಅದೇ ಒಂದು ಬೇರೆ ರಾಜ್ಯ ಆಗಿತ್ತು. ಘಟ್ಟ ಇಳಿದರೆ ಮಂಗಳೂರು, ಮತ್ತೆ ಮದ್ರಾಸು. ಭಟ್ಕಳದಿಂದ ಹುಬ್ಬಳ್ಳಿ, ಗದಗದವರೆಗೆ ಮುಂಬಯಿ. ಕೊಪ್ಪಳ ಹೈದರಾಬಾದಿನದು. 1956ರ ನವೆಂಬರ್ 1ಕ್ಕೆ ಒಂದಾದ ಐದೂ ತುಂಡು ಒಂದೇ ಸುತ್ತಿನಲ್ಲಿ ಸಿಗುತ್ತವೆ. ಮಕ್ಕಳಿಗೆ ಹೇಳ್ತಾ ಹೋಗಬಹುದು. ಅವರು ಕೇಳ್ತಾರೆ ಅಂತ ಗ್ಯಾರಂಟಿ ಕೊಡಲ್ಲ.

ಈಗ ಹೊರಡೋ ದಿನ. ಮೈಸೂರು ಅರಮನೆಗೆ ಭಾನುವಾರ ಮತ್ತು ಸರ್ಕಾರಿ ರಜೆ ದಿನ ಸಂಜೆ 7ಕ್ಕೆ ದೀಪ ಹಾಕುತ್ತಾರೆ. ಒಂದು ಲಕ್ಷದ ಹತ್ತಿರ ಬಲ್ಬು ಒಟ್ಟಿಗೆ ಹತ್ತಿಕೊಳ್ಳುತ್ತವೆ. ಮೃಗಾಲಯಕ್ಕೆ ಮಂಗಳವಾರ ರಜೆ. ಹಾಗಾಗಿ ಶನಿವಾರ ಬೆಳಗ್ಗೆ ಬಳ್ಳಾರಿ ಬಿಡಬೇಕು. ಉಗ್ಗಾಣಿ-ಮಿರ್ಚಿ ಕಟ್ಟಿಸಿಕೊಂಡು ಹೊರಟರೆ ಹಿರಿಯೂರಿನ ವಾಣಿ ವಿಲಾಸ ಸಾಗರದಲ್ಲಿ ಕೂತು ತಿನ್ನಬಹುದು. 1933ರ ಮೇಲೆ 2022ರಲ್ಲಿ ಕೋಡಿ ಬಿದ್ದ ಕೆರೆ ಅದು, 89 ವರ್ಷ ಕಾದಿದೆ. ಸಂಜೆಗೆ ಮೈಸೂರು. 400 ಕಿಲೋಮೀಟರಿನ ಹತ್ತಿರ ಆಗುತ್ತೆ, ಆ ದಿನ ಏನೂ ನೋಡೋದು ಬೇಡ. ಭಾನುವಾರ ಬೆಳಗ್ಗೆ ಮೃಗಾಲಯ, ಮಧ್ಯಾಹ್ನ ನಿದ್ದೆ, ಸಂಜೆ ದೀಪ. ಅಷ್ಟೇ. ಕೆಆರ್‌ಎಸ್ ಬೇಡ, ಆ ಮ್ಯೂಸಿಯಂ ಈ ಮ್ಯೂಸಿಯಂ ಬೇಡ. ಸೀರೆ ಅಂಗಡಿ ಅಂತೂ ಬೇಡವೇ ಬೇಡ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಕಬಿನಿ, ಮಂಗಳವಾರ ಬೆಳಗಿನ ಸಫಾರಿ ಮುಗಿಸಿ ಕುಶಾಲನಗರದಲ್ಲಿ ಮಲಗೋದು. ಬುಧವಾರ ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ಮಂಗಳೂರು ಕಡೆ.

ಊಟಿ? ಈ ದಾರಿಯಲ್ಲಿ ಇಲ್ಲ. ಮೈದುನ ಸಿಟ್ಟಾದರೂ ಇಲ್ಲ.

ಸಮುದ್ರ ಕೊನೆಗೇ ಯಾಕೆ ಅಂದ್ರೆ, ಕಾಡಿನಲ್ಲಿ ಬೆಳಗ್ಗೆ 5ಕ್ಕೆ ಎದ್ದು ಎದ್ದು ಸುಸ್ತಾಗಿರುತ್ತೇವೆ. ಸಮುದ್ರಕ್ಕೆ ಟೈಮಿಂಗ್ಸ್ ಇಲ್ಲ. ಮತ್ತೆ ಒಮ್ಮೆ ಸಮುದ್ರಕ್ಕೆ ಇಳಿದ ಮೇಲೆ ಗಾಡಿ ತುಂಬ ಮರಳು, ಒದ್ದೆ ಟವೆಲ್ಲು, ಉಪ್ಪು ವಾಸನೆ. ಆ ಗಾಡಿಯಲ್ಲಿ ನಾಲ್ಕು ದಿನ ಓಡಾಡೋಕೆ ನನ್ನ ಕೈಲಾಗಲ್ಲ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ಅಲ್ಲಿ ಗಾಡಿ ನಿಲ್ಲಿಸಲೇಬೇಕು. ಆಮೇಲೆ ಹೊನ್ನಾವರ. ಅಲ್ಲೇ ಎರಡು ರಾತ್ರಿ, ಗಂಟು ಬಿಚ್ಚಿ ಕೂತುಬಿಡೋದು. ಪಕ್ಕದ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಪಡುಬಿದ್ರಿಯ ಜೊತೆಗೆ. ಬ್ಲೂ ಫ್ಲ್ಯಾಗ್ ಅಂದ್ರೆ ನನಗೆ ಅರ್ಥ ಆಗೋದು ಇಷ್ಟು: ಶೌಚಾಲಯ ಇರುತ್ತೆ, ಬಟ್ಟೆ ಬದಲಿಸೋಕೆ ಜಾಗ ಇರುತ್ತೆ, ಜೀವರಕ್ಷಕರು ಇರುತ್ತಾರೆ. ಗಂಡಸರು ಮಾಡೋ ಪ್ಲಾನಿನಲ್ಲಿ ಶೌಚಾಲಯ ಯಾವತ್ತಾದರೂ ನೋಡಿದ್ದೀರಾ? ಹೆಣ್ಣುಮಕ್ಕಳು ಟೂರಿನಲ್ಲಿ ನೀರು ಕುಡಿಯೋದನ್ನೇ ಬಿಡ್ತಾರೆ. ನನ್ನ ಪ್ಲಾನಿನಲ್ಲಿ ಎರಡು ತಾಸಿಗೊಂದು ಕಡೆ, ದೊಡ್ಡ ಹೋಟೆಲ್ಲೋ ಬಸ್ ಸ್ಟ್ಯಾಂಡೋ, ನಿಲ್ಲಿಸಲೇಬೇಕು ಅಂತ ಬರೆದಿದ್ದೇನೆ.

ಜೀವರಕ್ಷಕರ ಮಾತು ಸುಮ್ನೆ ಹೇಳಿದ್ದಲ್ಲ. ನಮ್ಮ ಹುಡುಗರು ತುಂಗಭದ್ರಾ ಕಾಲುವೆಯಲ್ಲಿ ಈಜಿದವರು, ಧೈರ್ಯ ಜಾಸ್ತಿ. ಕಾಲುವೆ ಒಂದೇ ಕಡೆ ಎಳೆಯುತ್ತೆ, ದಡ ಕೈಗೆ ಸಿಗುತ್ತೆ. ಸಮುದ್ರ ಹಾಗಲ್ಲ. ಅಲೆ ತಂದು ಹಾಕಿದ ನೀರು ಎಲ್ಲೋ ಒಂದು ಸಂದಿಯಲ್ಲಿ ಜೋರಾಗಿ ವಾಪಸ್ ಹೋಗುತ್ತಿರುತ್ತೆ. ಆ ಜಾಗದಲ್ಲಿ ಅಲೆ ಒಡೆಯೋದು ಕಮ್ಮಿ, ಶಾಂತವಾಗಿ ಕಾಣುತ್ತೆ. ಜನ ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು, ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಸೆಳವು ದಾಟಿ, ಆಮೇಲೆ ದಡಕ್ಕೆ ಬರಬೇಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು. ಆ ಸುದ್ದಿ ಓದಿದ ದಿನ ನಾನು ಕ್ಲಾಸಿನಲ್ಲಿ ಪಾಠ ಮಾಡಲಿಲ್ಲ. ಮೊಣಕಾಲು ಮಟ್ಟದ ನೀರು ಸಾಕು ನಮಗೆ.

ಊಟದ್ದು ಬೇಗ ಹೇಳಿಬಿಡ್ತೀನಿ. ಒಂದು ಡಬ್ಬಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ. ಕುಚ್ಚಲಕ್ಕಿ ಅನ್ನ ನೋಡಿ ನಮ್ಮತ್ತೆ ಕಳೆದ ಸಲ "ಇದು ಬೆಂದೈತೇನವಾ?" ಅಂತ ಮೂರು ಸಲ ಕೇಳಿದ್ದರು.

ಒಂದು ರಿಹರ್ಸಲ್ ಕೂಡ ಇಟ್ಟಿದ್ದೇನೆ. ಮಕ್ಕಳಿಗೆ ಕಾಡಿನಲ್ಲಿ ಬಾಯಿ ಮುಚ್ಚಿಕೊಂಡು ಕೂರೋದು ಬರಲ್ಲ. ಅದನ್ನು ಕಬಿನಿಯಲ್ಲಿ ದುಡ್ಡು ಕೊಟ್ಟು ಕಲಿಸೋದ್ಯಾಕೆ? ನಮ್ಮ ದರೋಜಿ ಇದೆಯಲ್ಲ. 1994ರಲ್ಲಿ ಕರಡಿಗಳಿಗೆ ಅಂತಲೇ ಮಾಡಿದ ಧಾಮ. ಕಮಲಾಪುರದ ಕಡೆಯಿಂದ ಹೋಗಿ ಮಧ್ಯಾಹ್ನ ವೀಕ್ಷಣಾ ಗೋಪುರ ಹತ್ತಿ ಕೂತರೆ, ಬಿಸಿಲು ಇಳಿಯೋ ಹೊತ್ತಿಗೆ ಬಂಡೆ ಸಂದಿಯಿಂದ ಕರಡಿ ಬರುತ್ತವೆ. ಬಂಡೆಗೆ ಬೆಲ್ಲದ ಪಾಕ ಸವರಿರುತ್ತಾರೆ, ಅದನ್ನು ನೆಕ್ಕೋಕೆ. ಕೆಲವೊಮ್ಮೆ ತಾಯಿ ಬೆನ್ನ ಮೇಲೆ ಮರಿ. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದ ಎಷ್ಟು ಜನ ಇದನ್ನು ನೋಡಿದ್ದಾರೆ ಕೇಳಿ ನೋಡಿ. ಹುಲಿ ನೋಡೋಕೆ ನೂರಾರು ಮೈಲಿ ಹೋಗ್ತೀವಿ, ಕರಡಿ ಮಗ್ಗುಲಲ್ಲೇ ಇದೆ. ನಮ್ಮ ಮಕ್ಕಳು ಎರಡು ತಾಸು ಅಲ್ಲಿ ಉಸಿರು ಬಿಗಿಹಿಡಿದು ಕೂತರೆ ಮಾತ್ರ ಕಬಿನಿ ಬುಕಿಂಗು.

ಒಟ್ಟು ಒಂಬತ್ತು ದಿನ ಆಯ್ತು. ಇದನ್ನೆಲ್ಲ ಗ್ರೂಪಿಗೆ ಹಾಕಿದೆ. ಮೈದುನ ಅಳೋ ಮುಖದ ಎಮೋಜಿ ಹಾಕಿದ. ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೇ ದಿನ ದೊಡ್ಡಮಾವ ಫೋನ್ ಮಾಡಿದರು. ನಮ್ಮನೆಯವರ ದೊಡ್ಡಪ್ಪ. ಎಪ್ಪತ್ತು ದಾಟಿದೆ. ಅದಿರಿನ ಭರಾಟೆಯ ಕಾಲದಲ್ಲಿ ಲಾರಿ ಓಡಿಸುತ್ತಿದ್ದರು. ಸಂಡೂರಿನಲ್ಲಿ ತುಂಬಿಕೊಂಡು ಹೊಸಪೇಟೆ, ಕೊಪ್ಪಳ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಾಟಿ ಇಳಿದು ಅಂಕೋಲಾ ಹತ್ತಿರದ ಬೇಲೇಕೇರಿ ಬಂದರಿಗೆ. ನಾನು ವಾಪಸ್ ಬರೋಕೆ ಆರಿಸಿದ ದಾರಿ ಅವರ ದಾರಿಯೇ. ನಮಗಿಂತ ಮುಂಚೆ ನಮ್ಮೂರ ಕೆಂಪು ಮಣ್ಣೇ ಸಮುದ್ರ ನೋಡಿಬಂದಿದೆ ಅನ್ನಿ.

"ಡ್ರೈವರ್‌ಗೆ ಹೇಳವಾ," ಅಂದರು. "ಸಂಪಾಜೆ ಇಳಿಯಾಗ ಬ್ರೇಕ್ ಮ್ಯಾಲೆ ಕಾಲಿಟ್ಕಂಡು ಇಳೀಬ್ಯಾಡ ಅಂತ. ಯಾವ ಗೇರ್‌ನ್ಯಾಗ ಏರತಾನೋ ಅದೇ ಗೇರ್‌ನ್ಯಾಗ ಇಳೀಬೇಕು."

"ನೀವೇ ಮುಂದೆ ಕೂತು ಹೇಳ್ರಿ ಮಾವ. ಬರ್ತೀರಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ಅಷ್ಟು ವರ್ಷ ಬೇಲೇಕೇರಿಗೆ ಹೋದರೂ ಒಂದು ದಿನ ನೀರಿಗೆ ಕಾಲಿಟ್ಟಿಲ್ಲವಂತೆ. ಲಾರಿಗಳ ಸಾಲಿನಲ್ಲಿ ಜಾಗ ಬಿಟ್ಟು ಇಳಿದರೆ ಹಿಂದಿನವನು ಮುಂದೆ ನುಗ್ಗುತ್ತಿದ್ದನಂತೆ.

"ಮೊಣಕಾಲಮಟ ಅಂದೆಲ್ಲ, ಅಷ್ಟು ಸಾಕು ನನಗ," ಅಂದರು. "ಪ್ಯಾಂಟು ಮಡಚಿಕೊಳ್ಳಾಕ ಬರತೈತಿ."